ಗುಂಯ್ ಅಂದ ತಕ್ಷಣ ಅರ್ತ್ ಪಿನ್ ಕೀಳಬೇಕಾ?

ನಮ್ಮ ಕ್ಯಾಂಪಸ್ಸುಗಳಲ್ಲಿ ಒಂದು ವಿದ್ಯೆ ಸಿಲಬಸ್ಸಿನ ಹಂಗಿಲ್ಲದೆ ಸೀನಿಯರ್‌ನಿಂದ ಜೂನಿಯರ್‌ಗೆ ದಾಟಿಕೊಂಡು ಬರ್ತಾ ಇದೆ. ಸ್ಪೀಕರ್‌ನಿಂದ ಗುಂಯ್ ಅನ್ನೋ ಸದ್ದು ಬಂತಾ? "ಮಗಾ, ಮೂರು ಪಿನ್ ಪ್ಲಗ್ಗಲ್ಲಿ ಮೇಲ್ಗಡೆ ದಪ್ಪ ಪಿನ್ ಇದೆಯಲ್ಲ, ಅದನ್ನ ಕಿತ್ತಾಕು, ಸರಿಹೋಗುತ್ತೆ." ಹಾಸ್ಟೆಲ್ ರೂಮಿನ ಆಂಪ್ಲಿಫೈಯರ್‌ಗೂ ಇದೇ ಮದ್ದು, ಫೆಸ್ಟ್ ದಿನದ ಮಿಕ್ಸರ್‌ಗೂ ಇದೇ ಮದ್ದು, ಲ್ಯಾಬಿನ ಸಿಆರ್‌ಒಗೂ ಇದೇ. ಕಿತ್ತರೆ ಬಹಳ ಸಲ ಸದ್ದು ಹೋಗಿಬಿಡುತ್ತದೆ. ಅದೇ ದೊಡ್ಡ ತೊಂದರೆ. ಕೆಲಸ ಮಾಡದ ಮದ್ದಾಗಿದ್ದರೆ ಜನ ಯಾವತ್ತೋ ಬಿಟ್ಟುಬಿಡುತ್ತಿದ್ದರು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮನೆಯ ಆಡಿಯೊ ಸಿಸ್ಟಮ್ಮಿನ ಗುಂಯ್ ಸದ್ದನ್ನು ಹುಡುಕಿ ಹಿಡಿಯೋದಕ್ಕೆ ಹೊಸ ಕೇಬಲ್ ಬೇಡ, ಹೊಸ ಆಂಪ್ಲಿಫೈಯರ್ ಬೇಡ, ಪಿನ್ ಕೀಳೋದಂತೂ ಬೇಡವೇ ಬೇಡ. ಬೇಕಾಗಿರೋದು ಅರ್ಧ ಗಂಟೆ ತಾಳ್ಮೆ, ಮತ್ತೆ ಎರಡನೇ ವರ್ಷದಲ್ಲಿ ಓದಿ ಮರೆತ ನಾಲ್ಕು ವಿಷಯ. ಇಷ್ಟನ್ನು ಮಾಡೋಕಾಗದೆ ಪಿನ್ ಕೀಳೋ ನಮಗೆ ಯಾವ ಲೆಕ್ಕದಲ್ಲಿ ಇಂಜಿನಿಯರ್ ಅಂತ ಸರ್ಟಿಫಿಕೇಟ್ ಕೊಡ್ತಾರೆ ಅನ್ನೋದು ನನ್ನ ತಕರಾರು.

ಆ ದಪ್ಪ ಪಿನ್ ಯಾಕೆ ಉಳಿದೆರಡಕ್ಕಿಂತ ಉದ್ದ ಇದೆ ಅಂತ ನೋಡಿದ್ದೀರಾ? ಪ್ಲಗ್ ಒಳಗೆ ಹೋಗುವಾಗ ಎಲ್ಲಕ್ಕಿಂತ ಮೊದಲು ಅರ್ತ್ ಕೂಡಿಕೊಳ್ಳಲಿ, ತೆಗೆಯುವಾಗ ಎಲ್ಲಕ್ಕಿಂತ ಕೊನೆಗೆ ಬಿಡಲಿ ಅಂತ. ಲೋಹದ ಮೈಯಿರುವ ಆಂಪ್ಲಿಫೈಯರ್ ಒಳಗೆ ಫೇಸ್ ವೈರಿನ ಇನ್ಸುಲೇಷನ್ ಹರಿದು ಬಾಡಿಗೆ ತಗುಲಿತು ಅಂದ್ಕೊಳ್ಳಿ. ಅರ್ತ್ ಇದ್ದರೆ ಭಾರೀ ಕರೆಂಟ್ ಹರಿದು ಫ್ಯೂಸೋ ಎಂಸಿಬಿಯೋ ಬೀಳುತ್ತದೆ. ಅರ್ತ್ ಇಲ್ಲದಿದ್ದರೆ ಏನೂ ಬೀಳಲ್ಲ. ಬಾಡಿ 230 ವೋಲ್ಟಿನಲ್ಲಿ ತೆಪ್ಪಗೆ ಕೂತು ಯಾರಾದರೂ ಮುಟ್ಟಲಿ ಅಂತ ಕಾಯುತ್ತದೆ. ಇನ್ನೊಂದು ಸಂಗತಿ ಕಡಿಮೆ ಜನಕ್ಕೆ ಗೊತ್ತು: ಒಂದು ಉಪಕರಣದ ಪಿನ್ ಕಿತ್ತು, ಅದಕ್ಕೆ ಜೋಡಿಸಿದ ಇನ್ನೊಂದರ ಪಿನ್ ಉಳಿಸಿಕೊಂಡರೆ, ಫಾಲ್ಟ್ ಕರೆಂಟ್ ಹೋಗೋದು ನಿಮ್ಮ ಆಡಿಯೊ ಕೇಬಲ್ಲಿನ ಶೀಲ್ಡ್ ಮೂಲಕ. ಕೂದಲೆಳೆ ದಪ್ಪದ ಆ ತಂತಿಗಳು ಅಷ್ಟು ಕರೆಂಟ್ ಹೊರಲಾರವು. ಕೇಬಲ್ಲೇ ಹತ್ತಿ ಉರಿಯಬಹುದು.

ಹೆದರಿಸೋದಕ್ಕೆ ಹೇಳ್ತಿಲ್ಲ. 1972ರಲ್ಲಿ ಸ್ಟೋನ್ ದಿ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ಲಿ ಹಾರ್ವೆ ವೇಲ್ಸ್‌ನ ಸ್ವಾನ್ಸಿಯಲ್ಲಿ ವೇದಿಕೆಯ ಮೇಲೆಯೇ ಸತ್ತರು; ಮುಟ್ಟಿದ್ದು ಅರ್ತ್ ಸರಿಯಿಲ್ಲದ ಮೈಕ್. 1976ರಲ್ಲಿ ಯಾರ್ಡ್‌ಬರ್ಡ್ಸ್‌ನ ಗಾಯಕ ಕೀತ್ ರೆಲ್ಫ್ ತಮ್ಮ ಮನೆಯಲ್ಲೇ ಗಿಟಾರ್ ನುಡಿಸುತ್ತಾ ಶಾಕ್ ಹೊಡೆದು ತೀರಿಕೊಂಡರು. ಮನೆಯಲ್ಲಿ, ಅನ್ನೋದನ್ನು ಗಮನಿಸಿ. "ಮನೆ ಸೆಟ್ಟಿಗೆ ಏನಾಗುತ್ತೆ ಬಿಡು ಗುರು" ಅನ್ನೋ ಮಾತಿಗೆ ನನ್ನ ಹತ್ತಿರ ಇದೊಂದೇ ಉತ್ತರ.

ಈಗ ಸದ್ದಿಗೆ ಬರೋಣ. ಗುಂಯ್ ಅನ್ನೋದು ಒಂದೇ ಸದ್ದಲ್ಲ. ಕಿವಿಗೊಟ್ಟು ಕೇಳಿ. ತಂಬೂರಿಯ ಹಾಗೆ ತಗ್ಗಿನಲ್ಲಿ, ದುಂಡಗೆ, ಗುಂಯ್ ಅಂತಿದ್ದರೆ ಅದು ಹೆಚ್ಚಾಗಿ 50 ಹರ್ಟ್ಜ್: ನಮ್ಮ ಮೇನ್ಸ್ ಎಲ್ಲಿಂದಲೋ ಸಿಗ್ನಲ್ ದಾರಿಗೆ ನುಸುಳಿದೆ. ಸ್ವಲ್ಪ ಒರಟಾಗಿ, ಜರ್ರ್ ಅಂತ ಹಲ್ಲಿರುವ ಸದ್ದಾದರೆ 100 ಹರ್ಟ್ಜ್ ಮತ್ತು ಅದರ ಗುಣಕಗಳು: ಬ್ರಿಡ್ಜ್ ರೆಕ್ಟಿಫೈಯರ್ ದಾಟಿ ಬಂದದ್ದು. ಅಂದರೆ ಪವರ್ ಸಪ್ಲೈ ಕಡೆ ನೋಡಬೇಕು. ಕಿವಿ ಮೇಲೆ ನಂಬಿಕೆ ಇಲ್ಲದಿದ್ದರೆ ಮೊಬೈಲಿನಲ್ಲಿ ಯಾವುದಾದರೂ ಸ್ಪೆಕ್ಟ್ರಮ್ ಆ್ಯಪ್ ಹಾಕಿ ಸ್ಪೀಕರ್ ಮುಂದೆ ಹಿಡಿಯಿರಿ, ಎಫ್‌ಎಫ್‌ಟಿಗೆ ಜೀವನದಲ್ಲಿ ಒಂದು ಉಪಯೋಗವಾದರೂ ಸಿಗಲಿ. ಒಂದು ಎಚ್ಚರಿಕೆ: ಚಿಕ್ಕ ಸ್ಪೀಕರ್‌ಗಳು 50 ಹರ್ಟ್ಜನ್ನು ನುಡಿಸೋದೇ ಇಲ್ಲ. ಅಲ್ಲಿ ಕೇಳೋದು 150, 250ರ ಗುಣಕಗಳು ಮಾತ್ರ. ಹಾಗಾಗಿ ಬರೀ ಕಿವಿ ಮಾತು ಕೇಳಿ ತೀರ್ಪು ಕೊಡಬೇಡಿ.

100 ಹರ್ಟ್ಜ್ ಕಂಡರೆ ಲೆಕ್ಕ ಸುಲಭ. ಎಸ್.ಪಿ. ರೋಡಿನಿಂದ ತಂದ ಟ್ರಾನ್ಸ್‌ಫಾರ್ಮರು, ನಾಲ್ಕು ಡಯೋಡು, 4700 ಮೈಕ್ರೋಫ್ಯಾರಡ್ ಕೆಪಾಸಿಟರು. ಲೋಡ್ 1 ಆಂಪಿಯರ್ ಅಂದ್ರೆ ರಿಪಲ್ ಎಷ್ಟು? ಕರೆಂಟನ್ನು ಫ್ರೀಕ್ವೆನ್ಸಿ ಮತ್ತು ಕೆಪಾಸಿಟೆನ್ಸಿನ ಗುಣಲಬ್ಧದಿಂದ ಭಾಗಿಸಿದರೆ ಹತ್ತಿರಹತ್ತಿರ 2.1 ವೋಲ್ಟ್. ಇಷ್ಟು ರಿಪಲ್ಲನ್ನು ಹೊತ್ತುಕೊಂಡೂ ಒಳ್ಳೆ ಪವರ್ ಆಂಪ್ ಐಸಿ ಸುಮ್ಮನಿರುತ್ತದೆ. ಆದರೆ ಕೆಪಾಸಿಟರ್ ಹಳತಾಗಿ ಒಣಗಿದ್ದರೆ, ಅಥವಾ ಇನ್‌ಪುಟ್ ಗ್ರೌಂಡನ್ನು ಚಾರ್ಜಿಂಗ್ ಪಲ್ಸ್ ಹರಿಯುವ ತಂತಿಗೇ ಬೆಸುಗೆ ಹಾಕಿದ್ದರೆ, ಗುಂಯ್ ಗ್ಯಾರಂಟಿ. ನಮ್ಮ ಮಿನಿ ಪ್ರಾಜೆಕ್ಟ್ ಆಂಪ್ಲಿಫೈಯರ್‌ಗಳಲ್ಲಿ ಹತ್ತಕ್ಕೆ ಒಂಬತ್ತು ಈ ಎರಡನೇ ಜಾತಿಗೆ ಸೇರಿದವು ಅಂತ ನನ್ನ ಗುಮಾನಿ. ಸ್ಕೀಮ್ಯಾಟಿಕ್ಕಿನಲ್ಲಿ ಗ್ರೌಂಡ್ ಚಿಹ್ನೆ ಎಲ್ಲಿ ಹಾಕಿದರೂ ಒಂದೇ. ಪಿಸಿಬಿಯಲ್ಲಿ ಹಾಗಲ್ಲ, ಅಲ್ಲಿ ಗ್ರೌಂಡ್ ಅನ್ನೋದು ಸಣ್ಣ ರೆಸಿಸ್ಟೆನ್ಸ್ ಇರುವ ತಂತಿ ಅಷ್ಟೇ.

50 ಹರ್ಟ್ಜ್ ಆದರೆ ಹುಡುಕಾಟ ನಿಜವಾಗಿ ಶುರು. ಕ್ರಮ ಬಹಳ ಸರಳ. ಮೊದಲು ವಾಲ್ಯೂಮ್ ನಾಬ್ ತಿರುಗಿಸಿ. ಗುಂಯ್ ಅದರ ಜೊತೆ ಏರಿಳಿದರೆ ಅದು ನಾಬಿಗಿಂತ ಮೊದಲೇ ಒಳಬಂದಿದೆ; ಏರಿಳಿಯದಿದ್ದರೆ ನಾಬಿನ ಆಚೆ, ಅಂದರೆ ಆಂಪ್ಲಿಫೈಯರ್ ಹೊಟ್ಟೆಯಲ್ಲೇ ಹುಟ್ಟಿದೆ. ಆಮೇಲೆ ಆಫ್ ಮಾಡಿ ಇನ್‌ಪುಟ್ ಕೇಬಲ್ಲುಗಳನ್ನೆಲ್ಲ ಕಿತ್ತು ಆನ್ ಮಾಡಿ. (ಆನ್ ಇದ್ದಾಗಲೇ ಕೇಬಲ್ ಎಳೆದು ಡಬ್ ಅನ್ನಿಸಬೇಡಿ, ಸ್ಪೀಕರ್ ಹೋದರೆ ನನ್ನನ್ನು ಕೇಳಬೇಡಿ.) ಸದ್ದು ಹೋಯಿತಾ? ಆಂಪ್ಲಿಫೈಯರ್ ನಿರಪರಾಧಿ. ಈಗ ಒಂದೊಂದಾಗಿ ಜೋಡಿಸುತ್ತಾ ಬನ್ನಿ, ಯಾವುದು ಕೂಡಿದಾಗ ಗುಂಯ್ ವಾಪಸ್ ಬಂತೋ ಅಲ್ಲಿ ನಿಲ್ಲಿ.

ಆ ಉಪಕರಣ ಸಿಕ್ಕಿತು ಅಂದರೆ ಕಳ್ಳ ಸಿಕ್ಕ ಅಂತಲ್ಲ. ಕೇಬಲ್ಲೇ ಸದ್ದನ್ನು ಹಿಡಿಯುತ್ತಿದೆಯೋ ಅಥವಾ ಲೂಪ್ ಇದೆಯೋ ಅಂತ ಬೇರೆ ಮಾಡಬೇಕು. ಅದಕ್ಕೆ ಜಗತ್ತಿನ ಅತ್ಯಂತ ಅಗ್ಗದ ಟೆಸ್ಟ್ ಉಪಕರಣವೊಂದಿದೆ: ಒಂದು ಆರ್‌ಸಿಎ ಪ್ಲಗ್ ತಗೊಂಡು ನಡುವಿನ ಪಿನ್ನನ್ನೂ ಹೊರಗಿನ ಶೀಲ್ಡನ್ನೂ ಸೋಲ್ಡರ್ ಮಾಡಿ ಶಾರ್ಟ್ ಮಾಡಿಬಿಡಿ. ಇದನ್ನು ಸಿಗ್ನಲ್ ಕೊಡುವ ಉಪಕರಣದ ಔಟ್‌ಪುಟ್ಟಿಗೆ ಹಾಕಬಾರದು, ಆಂಪ್ಲಿಫೈಯರ್ ಇನ್‌ಪುಟ್ ಕಡೆಗೆ ಮಾತ್ರ. ನೇರ ಆಂಪ್ಲಿಫೈಯರ್ ಇನ್‌ಪುಟ್ಟಿಗೆ ಹಾಕಿದಾಗ ನಿಶ್ಶಬ್ದ ಇರಬೇಕು. ಆಮೇಲೆ ಕೇಬಲ್ ಜೋಡಿಸಿ, ಅದರ ಆಚೆ ತುದಿಗೆ ಕಪ್ಲರ್ ಹಾಕಿ ಈ ಪ್ಲಗ್ ಸಿಕ್ಕಿಸಿ. ಆ ತುದಿ ಬೇರೆ ಯಾವ ಲೋಹಕ್ಕೂ ತಾಗಬಾರದು. ಈಗಲೂ ನಿಶ್ಶಬ್ದ, ಆದರೆ ಉಪಕರಣಕ್ಕೆ ಜೋಡಿಸಿದ ಕೂಡಲೇ ಗುಂಯ್ ಅಂದರೆ, ಅದು ಹೆಚ್ಚುಕಡಿಮೆ ಗ್ರೌಂಡ್ ಲೂಪೇ. ಅಮೆರಿಕದ ಬಿಲ್ ವಿಟ್ಲಾಕ್ ಎಂಬ ಆಡಿಯೊ ಇಂಜಿನಿಯರ್ ಇಂಥ ಡಮ್ಮಿ ಪ್ಲಗ್ಗುಗಳಿಂದಲೇ ಇಡೀ ಪತ್ತೆದಾರಿಕೆಯನ್ನು ಕ್ರಮವಾಗಿ ಕಲಿಸಿದವರು.

ಲೂಪ್ ಅಂದ್ರೆ ಏನು? ಆಂಪ್ಲಿಫೈಯರ್‌ಗೆ ಮೂರು ಪಿನ್, ಲ್ಯಾಪ್‌ಟಾಪ್ ಚಾರ್ಜರ್‌ಗೂ ಮೂರು ಪಿನ್, ಎರಡೂ ಬೇರೆಬೇರೆ ಗೋಡೆಯ ಸಾಕೆಟ್ಟಿನಲ್ಲಿ. ಅರ್ತ್ ಮೂಲಕ ಒಂದು ಸಲ, ಆಕ್ಸ್ ಕೇಬಲ್ ಶೀಲ್ಡ್ ಮೂಲಕ ಇನ್ನೊಂದು ಸಲ, ಎರಡು ದಾರಿಯಲ್ಲಿ ಅವು ಕೂಡಿಕೊಂಡಿವೆ. ಅದು ತಾಮ್ರದ ಒಂದು ಸುತ್ತು. ಸುತ್ತು ಸಿಕ್ಕರೆ ಫ್ಯಾರಡೆ ಬಿಡ್ತಾನಾ? ಲೂಪಿನ ವಿಸ್ತೀರ್ಣ 1 ಚದರ ಮೀಟರ್, ಅದನ್ನು ಹಾಯುವ 50 ಹರ್ಟ್ಜ್ ಕಾಂತಕ್ಷೇತ್ರ 1 ಮೈಕ್ರೋಟೆಸ್ಲಾ ಅಂದರೂ ಹುಟ್ಟುವ ವೋಲ್ಟೇಜ್ 0.31 ಮಿಲಿವೋಲ್ಟ್. ಮನೆ ಉಪಕರಣಗಳ ಲೈನ್ ಲೆವೆಲ್ 0.316 ವೋಲ್ಟ್. ಅಂದರೆ ಹಾಡಿಗಿಂತ 60 ಡೆಸಿಬಲ್ ಮಾತ್ರ ಕೆಳಗೆ. ಇದರಲ್ಲಿ ಒಂದು ಪಾಲು ಮಾತ್ರ ಶೀಲ್ಡ್ ಮೇಲೆ ಬೀಳುತ್ತದೆ, ನಿಜ. ಆದರೆ ಲೂಪಿಗೆ ಇನ್ನೊಂದು ಮೂಲ ಇದೆ: ಎರಡು ಸಾಕೆಟ್ಟುಗಳ ಅರ್ತ್ ನಡುವಿನ ವೋಲ್ಟೇಜ್ ವ್ಯತ್ಯಾಸ. ಅದರಿಂದ ಶೀಲ್ಡಿನಲ್ಲಿ ಬರೀ 10 ಮಿಲಿಆಂಪಿಯರ್ ಹರಿದು, ಶೀಲ್ಡಿನ ರೆಸಿಸ್ಟೆನ್ಸ್ 0.1 ಓಮ್ ಇದ್ದರೆ 1 ಮಿಲಿವೋಲ್ಟ್. ಹಾಡಿಗಿಂತ 50 ಡೆಸಿಬಲ್ ಕೆಳಗೆ. ರಾತ್ರಿ ಹನ್ನೊಂದಕ್ಕೆ ಮೆಲ್ಲಗೆ ಹಾಡು ಕೇಳುವವರಿಗೆ ಇದು ಚೆನ್ನಾಗೇ ಕೇಳಿಸುತ್ತದೆ.

ಲ್ಯಾಪ್‌ಟಾಪ್ ವಿಷಯದಲ್ಲಿ ಪರೀಕ್ಷೆ ಎರಡು ಸೆಕೆಂಡಿನದು. ಚಾರ್ಜರ್ ತೆಗೆದು ಬ್ಯಾಟರಿ ಮೇಲೆ ಓಡಿಸಿ. ಸದ್ದು ನಿಂತರೆ ಉತ್ತರ ಸಿಕ್ಕಿತು. ಮೊದಲ ಪರಿಹಾರವೂ ಪುಕ್ಕಟೆ: ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ, ಕೇಬಲ್ಲುಗಳನ್ನು ಒಟ್ಟಿಗೆ ಕಟ್ಟಿ. ಲೂಪ್ ಇದ್ದೇ ಇರುತ್ತದೆ, ವಿಸ್ತೀರ್ಣ ಮಾತ್ರ ಕುಗ್ಗುತ್ತದೆ, ಎರಡು ಅರ್ತ್‌ಗಳ ವ್ಯತ್ಯಾಸವೂ ಕುಗ್ಗುತ್ತದೆ. ಎಷ್ಟೋ ಮನೆಗಳಲ್ಲಿ ಇಷ್ಟಕ್ಕೇ ಮುಗಿಯುತ್ತದೆ. ಮುಗಿಯದಿದ್ದರೆ ಆಡಿಯೊ ಕೇಬಲ್ಲಿನ ನಡುವೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್. ಕೆಲವು ನೂರು ರೂಪಾಯಿಗೆ ಸಿಗುವ ಗ್ರೌಂಡ್ ಲೂಪ್ ಐಸೊಲೇಟರ್‌ಗಳ ಕೋರ್ ತೀರಾ ಪುಟ್ಟದು, ತಗ್ಗಿನ ಸ್ವರಗಳಲ್ಲಿ ಸ್ಯಾಚುರೇಟ್ ಆಗಿ ಬಾಸನ್ನು ನುಂಗುತ್ತವೆ. ಗುಂಯ್ ಜೊತೆಗೆ ಮೃದಂಗದ ಎಡಗಡೆಯೂ ಹೋಯಿತು ಅನ್ನೋ ದೂರು ಬರೋದು ಅದಕ್ಕೇ. ಏನೇ ಆದರೂ ಕತ್ತರಿಸಬೇಕಾದ್ದು ಸಿಗ್ನಲ್ ಕಡೆಯ ದಾರಿಯನ್ನು, ಮೇನ್ಸ್ ಅರ್ತನ್ನಲ್ಲ.

ಹಾಸನದಲ್ಲಿ ನಮ್ಮ ಚಿಕ್ಕಪ್ಪನ ಮನೆಯ ಸಿಸ್ಟಮ್ ಇದಕ್ಕೆ ಸರಿಯಾದ ಉದಾಹರಣೆ. ಹಳೇ ಸ್ಟೀರಿಯೊ ಆಂಪ್ಲಿಫೈಯರ್, ಲೋಹದ ಮೈ, ಮೂರು ಪಿನ್. ಅದಕ್ಕೆ ಕೇಬಲ್ ಟಿವಿ ಸೆಟ್‌ಟಾಪ್ ಬಾಕ್ಸಿನ ಆಡಿಯೊ. ವರ್ಷಾನುಗಟ್ಟಲೆ ಗುಂಯ್. ಅಂಗಡಿಯವರೊಬ್ಬರು ಮೊದಲು ದುಬಾರಿ ಕೇಬಲ್ ಕೊಟ್ಟರು, ಆಮೇಲೆ "ಆಂಪ್ಲಿಫೈಯರ್ ಹಳೇದಾಯ್ತು ಸರ್, ಬದಲಾಯ್ಸಿ" ಅಂದರು. ಚಿಕ್ಕಪ್ಪ "ನೀನು ಅದೇನೋ ಇ ಅಂಡ್ ಸಿ ಓದ್ತಿದ್ದೀಯಲ್ಲಪ್ಪಾ, ನೋಡು" ಅಂದಾಗ ಮೇಲಿನ ಕ್ರಮದಲ್ಲೇ ಹೋದೆವು. ಸೆಟ್‌ಟಾಪ್ ಬಾಕ್ಸ್ ಜೋಡಿಸಿದರೆ ಗುಂಯ್. ಆದರೆ ಅದರ ಅಡಾಪ್ಟರ್ ಎರಡು ಪಿನ್ನಿನದು, ಟಿವಿಯದೂ ಎರಡು ಪಿನ್. ಅರ್ತೇ ಇಲ್ಲದ ಮೇಲೆ ಲೂಪ್ ಎಲ್ಲಿಂದ? ಎಲ್ಲ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ, ಬಾಕ್ಸ್ ಹಿಂದಿನ ಕೋಆಕ್ಸಿಯಲ್ ಕೇಬಲ್ಲಿನ ಕನೆಕ್ಟರನ್ನು ತಿರುಗಿಸಿ ಬಿಚ್ಚಿದೆವು. ಮತ್ತೆ ಆನ್ ಮಾಡಿದರೆ ಮನೆ ಸ್ತಬ್ಧ. ಚಿಕ್ಕಮ್ಮ ಅಡುಗೆಮನೆಯಿಂದ "ಕರೆಂಟ್ ಹೋಯ್ತಾ?" ಅಂದರು.

ನಮ್ಮ ಊರುಗಳಲ್ಲಿ ಕೇಬಲ್ ಟಿವಿ ತಂತಿ ಹೇಗೆ ಬರುತ್ತೆ ನೋಡಿ. ಆಪರೇಟರ್ ಕಡೆಯಿಂದ ಹೊರಟು ಕಂಬ, ತೆಂಗಿನಮರ, ಮೂರು ಮನೆಯ ತಾರಸಿ ಹಾಯ್ದು ಬರುತ್ತದೆ. ದಾರಿಯಲ್ಲಿ ಆಂಪ್ಲಿಫೈಯರ್ ಡಬ್ಬಿಗಳು, ಪಕ್ಕದ ಮನೆಗಳ ಟಿವಿಗಳು, ಎಲ್ಲದರ ಮೈಯೂ ಆ ಕೇಬಲ್ಲಿನ ಹೊರಕವಚಕ್ಕೇ ಕೂಡಿರುತ್ತದೆ. ಲೂಪ್ ಚಿಕ್ಕಪ್ಪನ ಮನೆಯದ್ದಲ್ಲ, ಬೀದಿಯದ್ದು. ಅವರ ಆಂಪ್ಲಿಫೈಯರ್ ಅರ್ತಿನಿಂದ ಹಿತ್ತಲ ಗುಂಡಿಗೆ, ಮಣ್ಣಿನ ಮೂಲಕ ಇನ್ನೆಲ್ಲೋ, ಅಲ್ಲಿಂದ ಕೇಬಲ್ ಕವಚ ಹಿಡಿದು ವಾಪಸ್ ಅವರ ಹಾಲಿಗೆ. ಪಕ್ಕದ ಮನೆಯ ಫಾಲ್ಟ್ ಕೂಡ ಇದೇ ದಾರಿಯಲ್ಲಿ ಬರಬಹುದು, ಅದಕ್ಕೇ ಬರಿಗೈಯಲ್ಲಿ ಮುಟ್ಟುವ ಮೊದಲು ಟೆಸ್ಟರ್ ಇಡಬೇಕು. ಇಂಥಲ್ಲಿ ಆಂಪ್ಲಿಫೈಯರ್ ಪಿನ್ ಕಿತ್ತಿದ್ದರೆ ಏನಾಗ್ತಿತ್ತು ಯೋಚಿಸಿ: ಇಡೀ ಬೀದಿಯ ಸೋರುವಿಕೆಗೆ ಚಿಕ್ಕಪ್ಪನ ಆಂಪ್ಲಿಫೈಯರ್ ನಾಬ್ ಒಂದು ತುದಿ, ಒದ್ದೆ ನೆಲದ ಮೇಲೆ ನಿಂತ ಚಿಕ್ಕಪ್ಪ ಇನ್ನೊಂದು ತುದಿ. ಪರಿಹಾರವಾಗಿ ಆ ಕೋಆಕ್ಸಿಯಲ್‌ಗೆ ಗ್ಯಾಲ್ವನಿಕ್ ಐಸೊಲೇಟರ್ ಹಾಕಿದೆವು. ಡಿಟಿಎಚ್ ಇದ್ದಿದ್ದರೆ ಇದು ನಡೆಯುತ್ತಿರಲಿಲ್ಲ, ಛತ್ರಿಯ ಎಲ್‌ಎನ್‌ಬಿಗೆ ಡಿಸಿ ವೋಲ್ಟೇಜ್ ಅದೇ ಕೇಬಲ್ಲಿನಲ್ಲಿ ಹೋಗಬೇಕಲ್ಲ. ಟಿವಿಯಲ್ಲೂ ಆಂಪ್ಲಿಫೈಯರ್‌ನಲ್ಲೂ ಆಪ್ಟಿಕಲ್ ಸಾಕೆಟ್ ಇದ್ದರೆ ಎಲ್ಲಕ್ಕಿಂತ ಚೊಕ್ಕ ದಾರಿ ಅದು. 1983ರಲ್ಲಿ ತೋಷಿಬಾ ತಂದ ಆ ಟಾಸ್‌ಲಿಂಕ್ ತಂತಿಯಲ್ಲಿ ತಾಮ್ರವೇ ಇಲ್ಲ, ಹೋಗೋದು ಬೆಳಕು. ಬೆಳಕಿಗೆ ಗ್ರೌಂಡ್ ಲೂಪ್ ಇಲ್ಲ.

ಚದರಂಗದಲ್ಲಿ ಇನ್ನೂ ಕೆಲವು ಕಾಯಿಗಳಿವೆ. ಕರೆಂಟ್ ಹೋಗಿ ಇನ್ವರ್ಟರ್ ಬಂದ ಕೂಡಲೇ ಫ್ಯಾನೂ ಆಂಪ್ಲಿಫೈಯರೂ ಒಟ್ಟಿಗೆ ಗುಂಯ್‌ಗುಟ್ಟಿದರೆ ಅದು ಚೌಕ ಅಲೆಯ ಇನ್ವರ್ಟರ್, ಸೈನ್ ಅಲೆಯದಲ್ಲ. ಫ್ಯಾನ್ ರೆಗ್ಯುಲೇಟರ್ ತಿರುಗಿಸಿದಂತೆ ಜರ್ರ್ ಬದಲಾದರೆ ಅದರೊಳಗಿನ ಟ್ರಯಾಕ್. ತಟತಟ ತಟತಟ ಅಂತ ಬಿಟ್ಟುಬಿಟ್ಟು ಬಂದರೆ ಪಕ್ಕದಲ್ಲಿಟ್ಟ ಮೊಬೈಲ್ 2ಜಿಗೆ ಇಳಿದಿದೆ, ಜಿಎಸ್‌ಎಂ ಫ್ರೇಮಿನ 217 ಹರ್ಟ್ಜ್ ಅದು. ಸ್ಪೀಕರ್‌ನಲ್ಲಿ ಏನೂ ಇಲ್ಲದೆ ಡಬ್ಬಿಯೇ ಗುಂಯ್ ಅಂತಿದ್ದರೆ ಟ್ರಾನ್ಸ್‌ಫಾರ್ಮರ್ ಪಟ್ಟಿಗಳು ಸಡಿಲ. ಹಾಸ್ಟೆಲ್ಲಿನ ಖಾಸ್ ಖಾಯಿಲೆ ಬೇರೆ: ಬ್ಲೂಟೂತ್ ಮಾಡ್ಯೂಲನ್ನೂ ಪಿಎಎಂ8403 ಬೋರ್ಡನ್ನೂ ಒಂದೇ 5 ವೋಲ್ಟ್ ಸಪ್ಲೈಗೆ ಕಟ್ಟಿ, ಕೀಂಯ್ ಅನ್ನೋ ಸದ್ದು ಬಂದ ಮೇಲೆ ತಲೆ ಕೆರೆದುಕೊಳ್ಳೋದು. ಮಾಡ್ಯೂಲಿಗೆ ಬಿ0505ಎಸ್ ಥರದ ಪ್ರತ್ಯೇಕಿತ ಡಿಸಿ-ಡಿಸಿ ಕನ್ವರ್ಟರ್ ಹಾಕಿದರೆ ಹೋಗುತ್ತದೆ. ಇಲ್ಲೂ ಕಥೆ ಗ್ರೌಂಡಿನದೇ.

ಸುಸ್ಸ್ ಅನ್ನೋ ಸದ್ದಿನ ಜಾತಿಯೇ ಬೇರೆ, ಅದು ಹೊರಗಿಂದ ಬರೋದಲ್ಲ. 1928ರಲ್ಲಿ ಬೆಲ್ ಲ್ಯಾಬ್ಸ್‌ನ ಜಾನ್ಸನ್ ಅಳೆದು ತೋರಿಸಿದರು, ನೈಕ್ವಿಸ್ಟ್ ಲೆಕ್ಕ ಕೊಟ್ಟರು: ಯಾವ ರೆಸಿಸ್ಟರ್ ಆದರೂ ಬೆಚ್ಚಗಿರುವ ತನಕ ಸದ್ದು ಮಾಡುತ್ತದೆ. 10 ಕಿಲೋಓಮ್, ಕೋಣೆಯ ಉಷ್ಣತೆ, 20 ಕಿಲೋಹರ್ಟ್ಜ್ ಅಗಲ ಅಂದರೆ 1.8 ಮೈಕ್ರೋವೋಲ್ಟ್. ಈ ಸೂತ್ರವನ್ನು ನಾವೆಲ್ಲ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೇವೆ. ಆದರೆ ರೂಮಿನಲ್ಲಿ ಮಾಡೋದೇನು? ಫೋನಿನ ವಾಲ್ಯೂಮ್ ತಗ್ಗಿಸಿ, ಆಂಪ್ಲಿಫೈಯರ್ ನಾಬನ್ನು ಕೊನೆವರೆಗೆ ತಿರುಗಿಸಿ, "ಸೆಟ್ ಸರಿ ಇಲ್ಲ ಕಣೋ, ಸುಸ್ಸ್ ಅಂತಿದೆ" ಅನ್ನೋದು. ಫೋನಿನಿಂದ ಹತ್ತನೇ ಒಂದು ವೋಲ್ಟೇಜ್ ಬಂದರೆ ಹಾಡಿಗೂ ಇನ್‌ಪುಟ್ ಸದ್ದಿಗೂ ನಡುವಿನ ಅಂತರದಲ್ಲಿ 20 ಡೆಸಿಬಲ್ ಕಳಕೊಂಡ ಹಾಗೆ. ಫೋನನ್ನು ಬಿರಿಯದಷ್ಟು ಮೇಲಿಟ್ಟು ಆಂಪ್ಲಿಫೈಯರನ್ನು ಇಳಿಸಿ, ಅರ್ಧ ಸುಸ್ಸ್ ಅಲ್ಲೇ ಮಾಯ. ಎಲ್‌ಎಂ386 ಕಟ್ಟಿದವರಂತೂ 1 ಮತ್ತು 8ನೇ ಪಿನ್ ನಡುವೆ 10 ಮೈಕ್ರೋಫ್ಯಾರಡ್ ಹಾಕಿ ಗೇನನ್ನು 20ರಿಂದ 200ಕ್ಕೆ ಏರಿಸಿ ಆಮೇಲೆ ಸದ್ದು ಅಂತ ಅಳುತ್ತಾರೆ. ಆ ಕೆಪಾಸಿಟರ್ ತೆಗೆಯಿರಿ.

ಇದನ್ನೆಲ್ಲ ಹೇಳಿದರೆ ಗೆಳೆಯರು ಎರಡು ಮಾತು ಆಡ್ತಾರೆ. ಒಂದು, "ಈಗ ಎಲ್ಲ ಬ್ಲೂಟೂತ್ ಸ್ಪೀಕರ್, ಇದೆಲ್ಲ ಹಳೇ ಕಾಲದ್ದು." ಒಪ್ಪಿದೆ, ಬ್ಯಾಟರಿ ಸ್ಪೀಕರ್‌ಗೆ ಲೂಪ್ ಇಲ್ಲ. ಆದರೆ ನಾಳೆ ನೀವು ಇಸಿಜಿ ಆಂಪ್ಲಿಫೈಯರ್ ಕಟ್ಟಿದರೂ, ಕಾರ್ಖಾನೆಯಲ್ಲಿ ಥರ್ಮೋಕಪಲ್ ಓದಿದರೂ ಇದೇ 50 ಹರ್ಟ್ಜ್ ಬಂದು ಕೂರುತ್ತದೆ. ಇನ್ನೊಂದು, "ಅದು ಎಲೆಕ್ಟ್ರಿಷಿಯನ್ ಅಣ್ಣನ ಕೆಲಸ." ಈ ಮಾತು ನನಗೆ ಸಿಟ್ಟು ತರಿಸುತ್ತದೆ. ಆ ಅಣ್ಣ ಕನಿಷ್ಠ ಟೆಸ್ಟರ್ ಇಟ್ಟು ನೋಡ್ತಾರೆ. ನಾವು ಲ್ಯಾಬಿನಲ್ಲಿ ಔಟ್‌ಪುಟ್ ಬರದಿದ್ದರೆ ಐಸಿ ಬದಲಾಯಿಸುತ್ತೇವೆ, ಆಗಲೂ ಬರದಿದ್ದರೆ ಪಕ್ಕದ ಬ್ಯಾಚಿನ ರೀಡಿಂಗ್ ಬರೆಯುತ್ತೇವೆ. 741ರ ಸಿಎಂಆರ್‌ಆರ್ 90 ಡೆಸಿಬಲ್ ಅಂತ ವೈವಾದಲ್ಲಿ ಒದರುತ್ತೇವೆ. ಅದೇ 741ಕ್ಕೆ 1 ಪರ್ಸೆಂಟ್ ರೆಸಿಸ್ಟರ್ ನಾಲ್ಕು ಹಾಕಿ ಗೇನ್ ಒಂದರ ಡಿಫರೆನ್ಸ್ ಆಂಪ್ಲಿಫೈಯರ್ ಮಾಡಿದರೆ, ಕೆಟ್ಟ ಸಂದರ್ಭದಲ್ಲಿ ಸಿಗೋದು 34 ಅಂತ ಯಾರೂ ಕೇಳಲ್ಲ, ನಾವೂ ಹೇಳಲ್ಲ. ಗುಂಯ್ ಅನ್ನೋದು ಆ 56 ಡೆಸಿಬಲ್ ವ್ಯತ್ಯಾಸದಲ್ಲೇ ವಾಸವಾಗಿರುತ್ತದೆ.

ಲ್ಯಾಬ್ ಪರೀಕ್ಷೆಯಲ್ಲಿ ಒಂದು ಪ್ರಯೋಗವಾದರೂ ಬೇಕಂತಲೇ ಕೆಡಿಸಿದ ಸರ್ಕ್ಯೂಟ್ ಕೊಟ್ಟು, "ಎಲ್ಲಿ ಕೆಟ್ಟಿದೆ, ಹೇಗೆ ಗೊತ್ತಾಯಿತು" ಅಂತ ಕೇಳಬೇಕು. ಮಾರ್ಕ್ಸ್ ಉತ್ತರಕ್ಕಲ್ಲ, ಹುಡುಕಿದ ಕ್ರಮಕ್ಕೆ. ಇದು ವಿಭಾಗದವರಿಗೆ ನನ್ನ ಬೇಡಿಕೆ. ಅದು ಆಗುವ ತನಕ ನಮ್ಮ ಕೈಲಿರೋದನ್ನು ನಾವು ಮಾಡೋಣ. ನವೆಂಬರ್ ಹತ್ತಿರ ಬರ್ತಿದೆ. ರಾಜ್ಯೋತ್ಸವಕ್ಕೆ ಸಂಘದ ಲ್ಯಾಪ್‌ಟಾಪಿನಿಂದ ಮಿಕ್ಸರ್‌ಗೆ ನಾಡಗೀತೆಯ ಟ್ರ್ಯಾಕ್ ಹಾಕಬೇಕು, ವೇದಿಕೆ ಒಂದು ಸಾಕೆಟ್ಟಿನಲ್ಲಿ, ಮಿಕ್ಸರ್ ಸಭಾಂಗಣದ ಹಿಂದಿನ ಸಾಕೆಟ್ಟಿನಲ್ಲಿ. ಲೂಪ್ ಆಗಲೇ ಸಿದ್ಧವಾಗಿದೆ. ಸಂಘದ ಪೆಟ್ಟಿಗೆಗೆ ಟ್ರಾನ್ಸ್‌ಫಾರ್ಮರ್ ಇರುವ ಸ್ಟೀರಿಯೊ ಡಿಐ ಬಾಕ್ಸ್ ಒಂದು, ಶಾರ್ಟ್ ಮಾಡಿದ ಪ್ಲಗ್ ಎರಡು, ಕಪ್ಲರ್ ಒಂದು, ಸಾಕೆಟ್ ಟೆಸ್ಟರ್ ಒಂದು ಬೇಕು. ಸೋಲ್ಡರಿಂಗ್ ನಾನು ಮಾಡಿಕೊಡುತ್ತೇನೆ. ಪೆಟ್ಟಿಗೆಯಲ್ಲಿ ಈಗಾಗಲೇ ಪಿನ್ ಕಿತ್ತ ಎಕ್ಸ್‌ಟೆನ್ಷನ್ ಬೋರ್ಡುಗಳು ಎರಡಿವೆ, ಒಂದಕ್ಕೆ ಹಳದಿ ಟೇಪ್ ಸುತ್ತಿದೆ, ಇನ್ನೊಂದಕ್ಕೆ ಗುರುತಿಲ್ಲ. ಈ ವಾರದೊಳಗೆ ಯಾರಾದರೂ ಎರಡಕ್ಕೂ ಹೊಸ ಪ್ಲಗ್ ಹಾಕಿಸಿ.